'ನಿಖರ' ಎಂದರೆ ಯಾವ ನಿಖರ? ಉಪ್ಪುನೀರಿನ ಮೀನಿನ ತೊಟ್ಟಿಯಿಂದ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ನಿಮ್ಮ ಸಹಾಯ ಬೇಕು. ಪದ ಹೊಸದಲ್ಲ, ನಾವೆಲ್ಲ ದಿನಾ ಬಳಸುವ 'ನಿಖರ'. ಇದನ್ನು ಯೋಚಿಸದೆ ಬಳಸಿ ನಾನೊಬ್ಬ ಗೆಳೆಯರಿಗೆ ತಪ್ಪು ಸಲಹೆ ಕೊಟ್ಟುಬಿಟ್ಟೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಬೆಂಗಳೂರಿನ ನಮ್ಮ ಮನೆಯಲ್ಲಿ 200 ಲೀಟರಿನ ಉಪ್ಪುನೀರಿನ ತೊಟ್ಟಿ ಇದೆ. ಒಂದು ಜೊತೆ ಕ್ಲೌನ್ ಮೀನು, ನಾಲ್ಕು ಸಿಗಡಿ, ಒಂದಿಷ್ಟು ಬಸವನಹುಳು. ಹವಳ ಇಟ್ಟಿಲ್ಲ. ದಿಬ್ಬ ಕಟ್ಟುವ ಹವಳಗಳಿಗೆ ನಮ್ಮ ದೇಶದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅವು ನೇತ್ರಾಣಿ ದ್ವೀಪದ ಸುತ್ತ ಇರುವ ಜಾಗದಲ್ಲೇ ಚೆನ್ನಾಗಿರಲಿ.

ಇಂಥ ತೊಟ್ಟಿಗೆ ನೀರು 25ರಿಂದ 26 ಡಿಗ್ರಿ ಇದ್ದರೆ ಒಳ್ಳೆಯದು. ನಮ್ಮಲ್ಲಿ ಡಿಸೆಂಬರ್ ರಾತ್ರಿ ಹೀಟರ್ ಬೇಕು, ಏಪ್ರಿಲ್ ಮಧ್ಯಾಹ್ನ ನೀರಿನ ಮೇಲೆ ಫ್ಯಾನ್ ಬೇಕು. ಎರಡನ್ನೂ ಹೊತ್ತಿಗೆ ಸರಿಯಾಗಿ ಹಾಕಿ ಆರಿಸುವ ಪೆಟ್ಟಿಗೆಯೇ ಟೆಂಪರೇಚರ್ ಕಂಟ್ರೋಲರ್. ಕರಾವಳಿಯ ಕಥೆ ಬೇರೆ. ಅಲ್ಲಿ ಗಾಳಿಯಲ್ಲೇ ನೀರಿನಂಶ ಜಾಸ್ತಿ, ಫ್ಯಾನ್ ಹಾಕಿದರೂ ನೀರು ಬೇಗ ಆವಿಯಾಗುವುದಿಲ್ಲ, ಅಷ್ಟಾಗಿ ತಣ್ಣಗೂ ಆಗುವುದಿಲ್ಲ. ನೀರನ್ನು ತಣಿಸುವ ಯಂತ್ರ, ಚಿಲ್ಲರ್, ಬೇಕಾಗುತ್ತದೆ.

ಉಡುಪಿಯ ಗೆಳೆಯರು ಚಿಲ್ಲರ್ ತಂದು, "ಕಂಟ್ರೋಲರ್ ಯಾವುದು ತಗೊಳ್ಳುವುದು ಮಾರಾಯ್ರೆ?" ಎಂದು ಕೇಳಿದರು. ನಾನು, "ದುಡ್ಡು ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ, ನಿಖರವಾದದ್ದೇ ತಗೊಳ್ಳಿ" ಎಂದೆ. ಅವರು ಅಂಗಡಿಯಲ್ಲಿ ಇದೇ ಮಾತು ಹೇಳಿದರು. ಅಂಗಡಿಯವರು ಚುಕ್ಕಿಯ ಆಚೆ ಎರಡು ಅಂಕಿ ತೋರಿಸುವ ಒಂದನ್ನು ಕೊಟ್ಟರು. 25.47, 25.52 ಹೀಗೆ. ನೋಡಿದರೆ ಯಾರಿಗಾದರೂ ನಿಖರ ಎನಿಸಬೇಕು.

ತಿಂಗಳಾದ ಮೇಲೆ ಫೋನ್ ಬಂತು. ಮೀನುಗಳ ಉಸಿರಾಟ ಜೋರಾಗಿದೆ, ಸಿಗಡಿ ಮೂಲೆ ಬಿಟ್ಟು ಬರುತ್ತಿಲ್ಲ, ಪೆಟ್ಟಿಗೆ ಮಾತ್ರ 25.5 ತೋರಿಸುತ್ತಿದೆ. ಕಾಲೇಜಿನ ಲ್ಯಾಬಿನಿಂದ ಒಂದು ಗಾಜಿನ ಥರ್ಮಾಮೀಟರ್ ತಂದು ಅದ್ದಿ ನೋಡಲು ಹೇಳಿದೆ. 28.4 ಇತ್ತು. ಹೆಚ್ಚುಕಡಿಮೆ ಮೂರು ಡಿಗ್ರಿ ವ್ಯತ್ಯಾಸ. ಮೀನುಗಳು ಉಳಿದುಕೊಂಡವು. ನನಗೆ ಮಾತ್ರ ನಾನಾಡಿದ ಆ ಒಂದು ಪದ ಮನಸ್ಸಿನಿಂದ ಹೋಗಲಿಲ್ಲ.

ಕೂತು ಯೋಚಿಸಿದಾಗ ಗೊತ್ತಾಯಿತು. 'ನಿಖರ' ಅನ್ನುವ ಒಂದೇ ಪದದಲ್ಲಿ ನಾವು ನಾಲ್ಕು ಬೇರೆ ಬೇರೆ ಗುಣಗಳನ್ನು ತುಂಬಿಟ್ಟಿದ್ದೇವೆ. ಪೆಟ್ಟಿಗೆ ಎಷ್ಟು ಸಣ್ಣ ಅಂಕಿಯವರೆಗೆ ತೋರಿಸುತ್ತದೆ ಅನ್ನುವುದು ಒಂದು. ತೋರಿಸಿದ್ದು ನಿಜಕ್ಕೆ ಎಷ್ಟು ಹತ್ತಿರ ಅನ್ನುವುದು ಇನ್ನೊಂದು. ಅದೇ ನೀರಿಗೆ ಇವತ್ತೂ ನಾಳೆಯೂ ಅದೇ ಅಂಕಿ ಹೇಳುತ್ತದೆಯೇ ಅನ್ನುವುದು ಮೂರನೆಯದು. ನೀರನ್ನು ಎಷ್ಟು ಬಿಗಿಯಾಗಿ ಹಿಡಿದಿಡುತ್ತದೆ ಅನ್ನುವುದು ನಾಲ್ಕನೆಯದು. ಗೆಳೆಯರ ಪೆಟ್ಟಿಗೆ ಮೊದಲನೆಯದರಲ್ಲಿ, ಮೂರನೆಯದರಲ್ಲಿ, ನಾಲ್ಕನೆಯದರಲ್ಲಿ ತುಂಬಾ ಚೆನ್ನಾಗಿತ್ತು. ಎರಡನೆಯದರಲ್ಲಿ ಸೋತಿತ್ತು. ಅವರಿಗೆ ಎಲ್ಲಕ್ಕಿಂತ ಬೇಕಾಗಿದ್ದುದು ಅದೇ.

ಇಂಗ್ಲಿಷಿನಲ್ಲಿ ಮೊದಲ ಮೂರಕ್ಕೆ ಕ್ರಮವಾಗಿ ರೆಸಲ್ಯೂಷನ್, ಆಕ್ಯುರಸಿ, ಪ್ರಿಸಿಷನ್ ಎಂದು ಬೇರೆ ಬೇರೆ ಪದಗಳಿವೆ. ಆದರೂ ಅಂಗಡಿಯ ಡಬ್ಬಿಗಳ ಮೇಲೆ ಎಲ್ಲಕ್ಕೂ 'ಪ್ರಿಸೈಸ್' ಎಂದೇ ಅಚ್ಚು ಹಾಕಿರುತ್ತಾರೆ. ಹಾಗಾಗಿ ಗೊಂದಲ ಕನ್ನಡದ್ದು ಮಾತ್ರ ಅಲ್ಲ. ಆದರೆ ನಾವು ಕನ್ನಡದಲ್ಲಿ ಸಲಹೆ ಕೊಡುವಾಗಲಾದರೂ ಬಿಡಿಸಿ ಹೇಳುವಂತಾಗಬೇಕು ಅಲ್ವಾ?

ನಾನು ಹುಡುಕಿದ ಪದಗಳನ್ನು ನಿಮ್ಮ ಮುಂದಿಡುತ್ತೇನೆ. ಒಪ್ಪದಿದ್ದರೆ ಖಂಡಿತ ಹೇಳಿ.

ಮೊದಲಿಗೆ 'ಖಚಿತ' ಮತ್ತು 'ಕರಾರುವಾಕ್ಕು'. ಎರಡೂ ಇಲ್ಲಿ ಕೂರುವುದಿಲ್ಲ ಎಂದು ನನಗನಿಸುತ್ತದೆ. 'ಅವರು ಬರುವುದು ಖಚಿತ' ಎಂದಾಗ ಅದು ಹೇಳುವವರ ನಂಬಿಕೆ, ಅಳತೆಯ ಗುಣವಲ್ಲ. 'ಕರಾರುವಾಕ್ಕಾಗಿ ಲೆಕ್ಕ ಒಪ್ಪಿಸಿದರು' ಎಂದಾಗ ಅದು ಮನುಷ್ಯರ ನಡತೆ. ಪಠ್ಯಪುಸ್ತಕದ 'ನಿಷ್ಕೃಷ್ಟ' ಎರಡನೆಯ ಗುಣಕ್ಕೆ ಹೊಂದುತ್ತದೆ, ಆದರೆ ಅಂಗಡಿಗೆ ಹೋಗಿ "ನಿಷ್ಕೃಷ್ಟವಾದದ್ದು ಕೊಡಿ" ಎಂದು ಯಾರು ಕೇಳುತ್ತಾರೆ? ಬಾಯಿಗೆ ಬಾರದ ಪದ ಮೀನನ್ನು ಉಳಿಸುವುದಿಲ್ಲ.

ಸಣ್ಣ ಅಂಕಿಯ ಗುಣಕ್ಕೆ 'ಸೂಕ್ಷ್ಮ' ಎನ್ನಬಹುದು. ಆದರೆ ಸೂಕ್ಷ್ಮ ಎಂದರೆ ಬೇಗ ಹಾಳಾಗುವಂಥದ್ದು ಎಂಬ ಅರ್ಥವೂ ಬರುತ್ತದೆ. ನನಗೆ 'ಗೆರೆ' ಇಷ್ಟ. ಹಳೆಯ ಥರ್ಮಾಮೀಟರಿನಲ್ಲಿ ಗೆರೆಗಳೇ ಇರುತ್ತಿದ್ದವು. 'ಇದರ ಗೆರೆ ಎಷ್ಟು ಸಣ್ಣದು?' ಎಂದರೆ ಯಾರಿಗೂ ಅರ್ಥವಾಗುತ್ತದೆ. ಚಿನಿವಾರರು ಗುಲಗಂಜಿ ಇಟ್ಟು ತೂಗುತ್ತಿದ್ದರು. ಅವರ ತಕ್ಕಡಿಯ ಗೆರೆ ಒಂದು ಗುಲಗಂಜಿ. ಗುಲಗಂಜಿಯವರೆಗೆ ತೂಗಬಲ್ಲ ತಕ್ಕಡಿಯೂ ಒಂದು ಕಡೆ ವಾಲಿದ್ದರೆ ತೂಕ ಸುಳ್ಳೇ. ಗೆಳೆಯರ ಪೆಟ್ಟಿಗೆಯಲ್ಲಿ ಆದದ್ದೂ ಇದೇ.

ಎರಡನೆಯ ಗುಣಕ್ಕೆ ನಮ್ಮ ಗೋಡೆ ಗಡಿಯಾರದ ಮಾತು ಚೆನ್ನಾಗಿ ಹೊಂದುತ್ತದೆ. 'ಗಡಿಯಾರ ಐದು ನಿಮಿಷ ಮುಂದಿದೆ' ಎನ್ನುತ್ತೇವೆ. ಬಸ್ ತಪ್ಪಬಾರದೆಂದು ಬೇಕೆಂದೇ ಮುಂದಿಡುವವರಿದ್ದಾರೆ. ಆ ಗಡಿಯಾರ ಕೆಟ್ಟಿಲ್ಲ. ದಿನಾ ಅಷ್ಟೇ ಮುಂದಿರುತ್ತದೆ, ನಾವು ಅಷ್ಟನ್ನು ಕಳೆದು ಓದುತ್ತೇವೆ. ಹಾಗೆಯೇ 'ಈ ಕಂಟ್ರೋಲರ್ ಮೂರು ಡಿಗ್ರಿ ಹಿಂದಿದೆ' ಎಂದರೆ ತಪ್ಪೇನು? ಹೊಸ ಪದ ಕಟ್ಟುವ ಕೆಲಸವೇ ಇಲ್ಲ. ಗುಣದ ಹೆಸರಾಗಿ 'ಸರಿತನ' ಅಥವಾ 'ದಿಟ' ಇರಲಿ ಎಂದು ನನ್ನ ಸೂಚನೆ.

ಮೂರನೆಯದಕ್ಕೆ 'ಸ್ಥಿರ' ಎಂದರೆ ಮುಳ್ಳು ಅಲ್ಲಾಡದೆ ಸಿಕ್ಕಿಕೊಂಡ ಹಾಗೆ ಕೇಳಿಸುತ್ತದೆ. ಸಂತೆಯಲ್ಲಿ 'ಒಂದೇ ಮಾತು' ಎನ್ನುತ್ತಾರಲ್ಲ, ಚೌಕಾಸಿ ಇಲ್ಲದ ಬೆಲೆಗೆ? ಅಂಥ ಒಂದೇ ಮಾತಿನ ಕಂಟ್ರೋಲರ್ ಬೇಕು. ಹಿಂದಿದ್ದರೂ ಚಿಂತೆಯಿಲ್ಲ, ಯಾವಾಗಲೂ ಅಷ್ಟೇ ಹಿಂದಿದ್ದರೆ ಸರಿಪಡಿಸಬಹುದು. ದಿನಕ್ಕೊಂದು ಮಾತಾಡುವುದನ್ನು ಸರಿಪಡಿಸಲು ಆಗುವುದಿಲ್ಲ. ಕೊಳ್ಳುವಾಗ ಈ ಗುಣವನ್ನೇ ಮೊದಲು ನೋಡಬೇಕು ಎಂಬುದು ನನ್ನ ಅನುಭವ. ಡಬ್ಬಿಯ ಮೇಲೆ ಇದನ್ನು ಬರೆದಿರುವುದು ಮಾತ್ರ ಅಪರೂಪ.

ಈಗ ನಾಲ್ಕನೆಯದು. ಇದಕ್ಕೆ ಹಿಸ್ಟರಿಸಿಸ್ ಎಂಬ ಕಠಿಣ ಪದ ಇದೆ. ಎಸ್‌ಟಿಸಿ-1000 ಎಂಬ ಹೆಸರಲ್ಲಿ ಎಲ್ಲ ಕಡೆ ಸಿಗುವ ಪೆಟ್ಟಿಗೆಯ ಕೈಪಿಡಿಯಲ್ಲಿ ಇದನ್ನು ಸುಮ್ನೆ 'ಡಿಫರೆನ್ಸ್' ಎಂದು ಕರೆದಿದ್ದಾರೆ, ಅದರ ಮೆನುವಿನಲ್ಲಿ ಎಫ್2 ಎಂಬಲ್ಲಿ ಬರುತ್ತದೆ. 25.5ಕ್ಕೆ ಇಟ್ಟು, ಡಿಫರೆನ್ಸ್ 0.5 ಕೊಟ್ಟರೆ, ನೀರು 25ಕ್ಕೆ ಇಳಿದಾಗ ಹೀಟರ್ ಹತ್ತುತ್ತದೆ, 25.5ಕ್ಕೆ ಆರುತ್ತದೆ. 26ಕ್ಕೆ ಏರಿದಾಗ ಫ್ಯಾನ್ ಅಥವಾ ಚಿಲ್ಲರ್ ಹತ್ತುತ್ತದೆ, ಮತ್ತೆ 25.5ಕ್ಕೆ ಆರುತ್ತದೆ. ಈ ಪೆಟ್ಟಿಗೆಯ ಗೆರೆ 0.1 ಡಿಗ್ರಿ, ಆದರೆ ಅದರ ಸರಿತನ ಆಚೆ ಒಂದು ಈಚೆ ಒಂದು ಡಿಗ್ರಿ ಎಂದು ಕೈಪಿಡಿಯೇ ಹೇಳುತ್ತದೆ. ನಾಲ್ಕು ಗುಣ ಬೇರೆ ಬೇರೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಡಿಫರೆನ್ಸಿಗೆ 'ಅಂತರ' ಎನ್ನುವುದಕ್ಕಿಂತ 'ಆಚೀಚೆ' ಎನ್ನೋಣ ಎಂಬುದು ನನ್ನ ಆಸೆ. 'ಅರ್ಧ ಡಿಗ್ರಿ ಆಚೀಚೆ ಬಿಡಿ' ಎಂದರೆ ಮುಗಿಯಿತು. ಈ ಆಚೀಚೆ ಚಿಕ್ಕದಾದಷ್ಟೂ ಒಳ್ಳೆಯದು ಎಂದು ಜನ ತಿಳಿಯುತ್ತಾರೆ, 'ನಿಖರ' ಪದದ ಮೋಡಿಯೇ ಅದು. ಲೆಕ್ಕ ಹಾಕಿ ನೋಡಿ. 200 ಲೀಟರ್ ನೀರಿಗೆ 200 ವಾಟ್ ಹೀಟರ್ ಹಾಕಿದರೆ, ಸುತ್ತಲ ಗಾಳಿಗೆ ಹೋಗುವ ಕಾವನ್ನು ಬಿಟ್ಟರೂ, ಗಂಟೆಗೆ ಏರುವುದು ಒಂದು ಡಿಗ್ರಿಗಿಂತ ಸ್ವಲ್ಪ ಕಡಿಮೆ. ಅರ್ಧ ಡಿಗ್ರಿ ಏರಲು ಅರ್ಧ ಗಂಟೆಗಿಂತ ಜಾಸ್ತಿ ಬೇಕು. ಇಷ್ಟು ನಿಧಾನದ ನೀರಿನಲ್ಲಿ ಮೀನಿಗೆ ಆಚೀಚೆಯ ಅರ್ಧ ಡಿಗ್ರಿ ಏನೂ ಅಲ್ಲ. ಆಚೀಚೆಯನ್ನು ತೀರ ಬಿಗಿ ಮಾಡಿದರೆ ಒಳಗಿನ ರಿಲೇ, ಅಂದರೆ ಹೀಟರ್, ಚಿಲ್ಲರ್‌ಗಳನ್ನು ಹಾಕಿ ಆರಿಸುವ ಸ್ವಿಚ್ಚು, ಮೇಲಿಂದ ಮೇಲೆ ಟಕ್ ಟಕ್ ಎಂದು ಸವೆದುಹೋಗುತ್ತದೆ. ಚಿಲ್ಲರ್ ಆರಿದ ಕೂಡಲೇ ಮತ್ತೆ ಹತ್ತಿದರೆ ಅದರ ಕಂಪ್ರೆಸರಿಗೂ ಕೆಡುಕು. ಅದಕ್ಕೇ ಮೂರು ನಿಮಿಷ ಕಾಯುವ ವ್ಯವಸ್ಥೆಯನ್ನು ಪೆಟ್ಟಿಗೆಯಲ್ಲೇ ಇಟ್ಟಿರುತ್ತಾರೆ.

ರಿಲೇ ಒಂದು ರಾತ್ರಿ ಅಂಟಿಕೊಂಡುಬಿಟ್ಟರೆ ಎಂಬ ಭಯ ನನಗೆ ಇದ್ದೇ ಇದೆ. ಹೀಟರ್ ಆರುವುದೇ ಇಲ್ಲ, ಬೆಳಗಾಗುವಷ್ಟರಲ್ಲಿ ನೀರು ನಾಲ್ಕೈದು ಡಿಗ್ರಿ ಏರಬಹುದು. ಹಾಗಾಗಿ ಬೇಕಾದದ್ದಕ್ಕಿಂತ ದೊಡ್ಡ ಹೀಟರ್ ಹಾಕಬೇಡಿ. ಹೀಟರಿನೊಳಗಿನ ಥರ್ಮೋಸ್ಟಾಟನ್ನೂ 27ಕ್ಕೆ ಇಟ್ಟು ಎರಡನೆಯ ಕಾವಲಾಗಿ ಬಿಡಿ. ಸೆನ್ಸರಿನ ತುದಿ ನೀರಿನಿಂದ ಹೊರಗೆ ಜಾರದಂತೆ ಭದ್ರವಾಗಿ ಕಟ್ಟಿ. ಜಾರಿದರೆ ಅದು ಗಾಳಿಯ ತಂಪನ್ನು ಓದಿ, ಹೀಟರನ್ನು ಉರಿಸುತ್ತಲೇ ಇರುತ್ತದೆ. ಉಪ್ಪುನೀರಿನಲ್ಲಿ ಸ್ಟೀಲ್ ತುದಿಯೂ ತುಕ್ಕು ಹಿಡಿಯುವುದುಂಟು. ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವುದನ್ನೇ ಆರಿಸಿ.

'ಕಂಟ್ರೋಲರ್', 'ಸೆನ್ಸರ್' ಹಾಗೇ ಇರಲಿ, ಅವುಗಳಿಗೆ ಕನ್ನಡ ಹುಡುಕುವ ಆತುರ ನನಗಿಲ್ಲ. ಟೆಂಪರೇಚರಿಗೆ ತಾಪಮಾನ, ಉಷ್ಣಾಂಶ, ಬಿಸುಪು ಮೂರೂ ಓಡುತ್ತಿವೆ. ಓಡಲಿ.

ಇನ್ನು ನನ್ನ ನಿಜವಾದ ಪ್ರಶ್ನೆ. ಹಿಂದಿರುವ ಕಂಟ್ರೋಲರನ್ನು ಸರಿಪಡಿಸುವುದಕ್ಕೆ ಕ್ಯಾಲಿಬ್ರೇಷನ್ ಎನ್ನುತ್ತಾರೆ. ಮಾಡುವುದು ಸುಲಭ. ಶುದ್ಧ ನೀರಿನ ಐಸನ್ನು ಪುಡಿ ಮಾಡಿ ಲೋಟ ತುಂಬಿ, ಸ್ವಲ್ಪ ತಣ್ಣೀರು ಹಾಕಿ ಕಲಕಿ, ನಡುವೆ ಸೆನ್ಸರ್ ಇಟ್ಟು ಕೆಲವು ನಿಮಿಷ ಕಾಯಬೇಕು. 0 ಬರಬೇಕು. ತೊಟ್ಟಿಯ ನೀರು ಸೇರಿಸಬಾರದು, ಉಪ್ಪು ಬಿದ್ದರೆ ಐಸ್ ಸೊನ್ನೆಗಿಂತ ಕೆಳಗಿಳಿಯುತ್ತದೆ. ಕೈಯಲ್ಲಿ ತಿರುಗಿಸಿ ಐಸ್‌ಕ್ರೀಂ ಮಾಡುತ್ತಿದ್ದವರು ಐಸಿಗೆ ಉಪ್ಪು ಹಾಕುತ್ತಿದ್ದುದು ಇದಕ್ಕೇ. ಕುದಿಯುವ ನೀರನ್ನು 100 ಎಂದು ನಂಬುವ ಹಾಗೂ ಇಲ್ಲ. ಉಡುಪಿಯಲ್ಲಿ ನಂಬಬಹುದು, ಸಮುದ್ರದಿಂದ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97ರ ಹತ್ತಿರವೇ ಕುದಿಯುತ್ತದೆ. ಸೊನ್ನೆಯಲ್ಲಿ ಸರಿ ಇದ್ದದ್ದು 25ರಲ್ಲೂ ಸರಿ ಇರಬೇಕೆಂದಿಲ್ಲ, ಆದ್ದರಿಂದ ಕೊನೆಗೆ ತೊಟ್ಟಿಯಲ್ಲೇ ಒಳ್ಳೆಯ ಥರ್ಮಾಮೀಟರಿನ ಪಕ್ಕ ಇಟ್ಟು ನೋಡಬೇಕು. ಎಷ್ಟು ಹಿಂದಿದೆಯೋ ಅಷ್ಟನ್ನು ಪೆಟ್ಟಿಗೆಯಲ್ಲಿ ಸೇರಿಸಬೇಕು. ಉಡುಪಿಯ ಪೆಟ್ಟಿಗೆಗೆ 2.9 ಸೇರಿಸಿದೆವು. ಆಮೇಲೆ ಅದು ಸರಿಯಾಗಿಯೇ ನಡೆಯುತ್ತಿದೆ.

ಈ ಕೆಲಸಕ್ಕೆ ನಮ್ಮ ಹಳ್ಳಿ ಅಂಗಡಿಗಳಲ್ಲಿ ಪದ ಇದ್ದೇ ಇರುತ್ತದೆ ಎಂಬುದು ನನ್ನ ಬಲವಾದ ನಂಬಿಕೆ. ತೂಗುವ ಮೊದಲು ಅಂಗಡಿಯವರು ಬರೀ ತಕ್ಕಡಿಯನ್ನು ಎತ್ತಿ ಹಿಡಿಯುತ್ತಿದ್ದರು. ಒಂದು ತಟ್ಟೆ ವಾಲಿದರೆ ಇನ್ನೊಂದರ ಹಗ್ಗಕ್ಕೆ ಸಣ್ಣ ಕಲ್ಲೋ ಚಿಂದಿಯೋ ಕಟ್ಟಿ ಮುಳ್ಳನ್ನು ನಡುವಿಗೆ ತರುತ್ತಿದ್ದರು. ಆ ಚೂರಿಗೆ, ಆ ಕಟ್ಟುವ ಕೆಲಸಕ್ಕೆ ನಿಮ್ಮ ಊರಲ್ಲಿ ಏನೆನ್ನುತ್ತಾರೆ? ಧಾರವಾಡದ ಕಡೆ, ಕೋಲಾರದ ಕಡೆ, ಕುಂದಾಪುರದ ಕಡೆ ಬೇರೆ ಬೇರೆ ಇರಬಹುದು. ಮನೆಯಲ್ಲಿ ಹಿರಿಯರಿದ್ದರೆ, ಕಿರಾಣಿ ಅಂಗಡಿ ನಡೆಸಿದವರಿದ್ದರೆ, ದಯವಿಟ್ಟು ಕೇಳಿ, ಊರಿನ ಹೆಸರಿನ ಜೊತೆ ಬರೆದು ತಿಳಿಸಿ.