ಪದ ಬೇಕು: ಡೋಪಿಂಗ್ (ಸೈಕಲ್ ಪ್ರದರ್ಶನದ ಫಲಕಕ್ಕೆ, ನಾಳೆ ಸಂಜೆಯೊಳಗೆ)

ಸು. ನಾ. ಬರೆದದ್ದು:

ಎಲ್ಲರಿಗೂ ನಮಸ್ಕಾರ. ಸೈಕಲ್ ಚರಿತ್ರೆಯ ಪ್ರದರ್ಶನವೊಂದರ ಫಲಕಗಳನ್ನು ಕನ್ನಡಕ್ಕೆ ತರುವ ಕೆಲಸ. ಕೊನೆಯ ಫಲಕವೊಂದು ಬಾಕಿ, ನಾಳೆ ಸಂಜೆ ಮುದ್ರಣಕ್ಕೆ ಹೋಗಬೇಕು. ಕರಡು ಹೀಗಿದೆ:

"ಉದ್ದೀಪನ ಮದ್ದು ಸೇವನೆ. ಮೌಂಟನ್ ಬೈಕ್‌ನ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ 1990ರಲ್ಲಿ ಅಮೆರಿಕದ ಡುರಾಂಗೋದಲ್ಲಿ ನಡೆಯಿತು. 1996ರಲ್ಲಿ ಆಸ್ಟ್ರೇಲಿಯಾದ ಕೇರ್ನ್ಸ್‌ನಲ್ಲಿ ಗೆದ್ದ ಫ್ರಾನ್ಸಿನ ಜೆರೋಮ್ ಶಿಯೋಟಿ ಉದ್ದೀಪನ ಮದ್ದು ಸೇವಿಸಿ ಸಿಕ್ಕಿಬಿದ್ದರು. 1997ರಿಂದ ಹೆಮಾಟೊಕ್ರಿಟ್ 50 ದಾಟಿದವರನ್ನು 15 ದಿನ ಅಮಾನತು ಮಾಡಲಾಯಿತು."

ಡೋಪಿಂಗ್, ಅಂದರೆ ಸ್ಪರ್ಧೆಗೆಂದು ನಿಷೇಧಿತ ವಸ್ತು ಅಥವಾ ವಿಧಾನ ಬಳಸುವುದು, ಇದಕ್ಕೆ ಕನ್ನಡ ಪದ ಬೇಕು; ತಲೆಬರಹಕ್ಕೆ ಒಂದೇ ಪದದ ಜಾಗವಿದೆ. ಹೆಮಾಟೊಕ್ರಿಟ್ ಎಂಬ ರಕ್ತದ ಅಳತೆಗೂ ಕನ್ನಡ ಇದ್ದರೆ ತಿಳಿಸಿ.

ಕೆ. ಭ. ಬರೆದದ್ದು:

"ಉದ್ದೀಪನ ಮದ್ದು" ಶುದ್ಧ ಅರಿಸಮಾಸ. ಸಂಸ್ಕೃತದ ತಲೆಗೆ ಕನ್ನಡದ ಬಾಲ. ಪತ್ರಿಕೆಯವರು ಬಳಸಿದರೆಂದು ಫಲಕಕ್ಕೂ ಬೇಕೆ? "ಉದ್ದೀಪನೌಷಧ" ಎನ್ನಿ. ಇನ್ನೊಂದು ಮಾತು. ಡೋಪ್ ಎಂಬುದರ ಮೂಲ ನಮ್ಮ "ಧೂಪ"ವೇ. ಹೊಗೆ, ಮತ್ತು, ಮೈಮರೆವು, ಅರ್ಥಸರಣಿ ಸ್ಪಷ್ಟವಾಗಿದೆ.

ಎಂ. ಆರ್. ಬರೆದದ್ದು:

ಧೂಪಕ್ಕೂ ಡೋಪಿಗೂ ಸಂಬಂಧವಿಲ್ಲ. ಅದು ಡಚ್ಚಿನ "ದೂಪ್", ಅದ್ದಿಕೊಂಡು ತಿನ್ನುವ ಗೊಜ್ಜು. ಅಮೆರಿಕಕ್ಕೆ ಹೋಗಿ ಮಂದನೆಯ ದ್ರವವಾಯಿತು, ಆಮೇಲೆ ಅಫೀಮಾಯಿತು, ಕುದುರೆ ಜೂಜಿನ ಕಟ್ಟೆ ಹತ್ತಿತು. ಅರಿಸಮಾಸವನ್ನೂ ಬಿಡಿ, ಎರಡೂ ಪದ ಬಿಡಿಯಾಗಿಯೇ ನಿಂತಿವೆ.

ನಿಜವಾದ ತೊಂದರೆ ಅರ್ಥದ್ದು. ಶಿಯೋಟಿ ಬಳಸಿದ್ದು ಇಪಿಒ (ಎರಿತ್ರೊಪೊಯೆಟಿನ್). ಮೂತ್ರಪಿಂಡ ತಾನೇ ಮಾಡುವ ಹಾರ್ಮೋನಿನ ಕಾರ್ಖಾನೆ ರೂಪ ಅದು, ರಕ್ತಹೀನತೆಗೆ ಕೊಡುವಂಥದು. ಅದು ಯಾರನ್ನೂ ಉದ್ದೀಪನಗೊಳಿಸುವುದಿಲ್ಲ. ಅಸ್ಥಿಮಜ್ಜೆಗೆ ಕೆಂಪುಕಣ ಹೆಚ್ಚು ಮಾಡೆಂದು ಹೇಳುತ್ತದೆ, ಫಲ ಕಾಣಲು ವಾರಗಳೇ ಬೇಕು. ಉದ್ದೀಪಕ ಎಂದರೆ ಆ ಹೊತ್ತಿಗೆ ಚುರುಕು ಹುಟ್ಟಿಸುವ ಆಂಫೆಟಮಿನ್ ಜಾತಿಯವು. ಕ್ರೀಡೆಯ ನಿಷೇಧಿತ ಪಟ್ಟಿಯಲ್ಲಿ ಅವಕ್ಕೆ ಬೇರೆ ವರ್ಗವೇ ಇದೆ. ಇಡೀ ಡೋಪಿಂಗನ್ನು "ಉದ್ದೀಪನ" ಎಂದರೆ ಆ ವರ್ಗಕ್ಕೆ ಏನೆನ್ನುತ್ತೀರಿ? ಬಿಲ್ಲುಗಾರರಿಗೆ ನಿಷೇಧವಿರುವ ಬೀಟಾ ಬ್ಲಾಕರ್ ಎದೆಬಡಿತ ಇಳಿಸುತ್ತದೆ. ಅದೂ ಉದ್ದೀಪನವೇ?

"ಮದ್ದು" ಕೂಡ ಪೂರ್ತಿ ನಿಲ್ಲದು. ತನ್ನದೇ ರಕ್ತ ತೆಗೆಸಿಟ್ಟು ರೇಸಿಗೆ ಮುಂಚೆ ಏರಿಸಿಕೊಳ್ಳುವುದೂ ಡೋಪಿಂಗೇ. "ಸೇವನೆ" ಎಂದರೆ ಬಾಯಿಂದ, ಇಪಿಒ ಹೋಗುವುದು ಸೂಜಿಯಿಂದ. ಮೂರು ಪದ, ಮೂರೂ ತಪ್ಪು.

ಜೊತೆಗೆ ಶಿಯೋಟಿ ಸಿಕ್ಕಿಬೀಳಲಿಲ್ಲ. 1996ರಲ್ಲಿ ಇಪಿಒ ಹಿಡಿಯುವ ಪರೀಕ್ಷೆಯೇ ಇರಲಿಲ್ಲ. 2000ದಲ್ಲಿ ತಾವೇ ಒಪ್ಪಿಕೊಂಡು, ಕೇರ್ನ್ಸ್‌ನಲ್ಲಿ ಎರಡನೆಯವರಾಗಿದ್ದ ಸ್ವಿಟ್ಜರ್ಲೆಂಡಿನ ಥಾಮಸ್ ಫ್ರಿಶ್‌ಕ್ನೆಕ್ಟ್ ಅವರಿಗೆ ಚಾಂಪಿಯನ್ ಜೆರ್ಸಿ ಒಪ್ಪಿಸಿದರು. ಇದನ್ನು ಬಿಟ್ಟರೆ ಫಲಕಕ್ಕೆ ಏನು ಉಳಿಯಿತು?

ಹೊ. ಬರೆದದ್ದು:

ಸಂಸ್ಕೃತವೂ ಬೇಡ, ಇಂಗ್ಲಿಷೂ ಬೇಡ. ಕಳ್ಳಭಟ್ಟಿ, ಕಳ್ಳಸಂತೆ, ಕಳ್ಳಸಾಗಣೆ ಇರುವ ನುಡಿಯಲ್ಲಿ "ಕಳ್ಳಮದ್ದು" ಏಕಾಗಬಾರದು? ಮದ್ದು ಹಳಗನ್ನಡದ "ಮರ್ದು", ತಮಿಳಿನ ಮರುಂದು, ತೆಲುಗಿನ ಮಂದು. ಗುಣಪಡಿಸುವುದೂ ಮದ್ದು, "ಅವಳಿಗೆ ಯಾರೋ ಮದ್ದು ಹಾಕಿದ್ದಾರೆ" ಎನ್ನುವಾಗಿನದೂ ಮದ್ದು, ಕೋವಿಗೆ ತುಂಬುವುದೂ ಮದ್ದು. ಒಳಿತು ಕೆಡುಕು ಎರಡನ್ನೂ ಹೊತ್ತ ಪದ ಮನೆಯಲ್ಲೇ ಇದೆ. ಸೂಜಿಯದು ಬೇಕೆಂದರೆ ಚುಚ್ಚುಮದ್ದೂ ಇದೆ.

ಎಂ. ಆರ್. ಬರೆದದ್ದು:

ಪದ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ನಿಯಮಕ್ಕೆ ಕೂಡುವುದಿಲ್ಲ. ನಿಷೇಧಿತ ವಸ್ತು ಮೈಯಲ್ಲಿ ಸಿಕ್ಕರೆ ಸಾಕು, ಅದೇ ಉಲ್ಲಂಘನೆ. ಬೇಕೆಂದು ತೆಗೆದುಕೊಂಡದ್ದೋ ಕಲಬೆರಕೆ ಪುಡಿಯಿಂದ ಬಂದದ್ದೋ ಎಂಬ ಪ್ರಶ್ನೆ ಶಿಕ್ಷೆಯ ಅಳತೆಗೆ ಮಾತ್ರ. "ಕಳ್ಳ" ಎಂದ ಕೂಡಲೇ ಉದ್ದೇಶವನ್ನು ಆರೋಪಿಸಿದಂತೆ. ಶಿಯೋಟಿಯವರಿಗೆ ನಡೆದೀತು, ಎಲ್ಲರಿಗೂ ಅಲ್ಲ.

ಸು. ನಾ. ಅವರೇ, ನಿಮ್ಮ ಎರಡನೆಯ ಪ್ರಶ್ನೆ ಯಾರೂ ಮುಟ್ಟಲಿಲ್ಲ. ಹೆಮಾಟೊಕ್ರಿಟ್ ಎಂದರೆ ರಕ್ತದ ಗಾತ್ರದಲ್ಲಿ ಕೆಂಪುಕಣಗಳ ಪಾಲು. ಸಣ್ಣ ಗಾಜಿನ ನಳಿಗೆಯಲ್ಲಿ ರಕ್ತ ತುಂಬಿ ಗಿರ್ರನೆ ತಿರುಗಿಸಿದರೆ ಕಣಗಳು ತಳಕ್ಕೆ ಕೂರುತ್ತವೆ. ನೂರು ಪಾಲಿನಲ್ಲಿ ಐವತ್ತು ಕಣವಾದರೆ 50. "ಕೆಂಪುಕಣದ ಪಾಲು ಶೇ 50" ಎಂದರೆ ಯಾರಿಗಾದರೂ ತಿಳಿಯುತ್ತದೆ. ಹೆಂಗಸರಿಗೆ ಮಿತಿ 47 ಇತ್ತು, ಅದನ್ನೂ ಸೇರಿಸಿ.

"ಅಮಾನತು" ಹಾಕಲೇಬೇಡಿ. 1997ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಅದನ್ನು ತಂದದ್ದು ಆರೋಗ್ಯ ತಪಾಸಣೆ ಎಂಬ ಹೆಸರಿನಲ್ಲಿ. ರಕ್ತ ಗಟ್ಟಿಯಾದರೆ ಹೆಪ್ಪುಗಟ್ಟುವ ಅಪಾಯವಿದೆ, 15 ದಿನ ಸ್ಪರ್ಧಿಸಬೇಡ ಎಂದಷ್ಟೇ. ಮಿತಿ ದಾಟಿದವರನ್ನು "ಪಾಸಿಟಿವ್" ಎನ್ನುವಂತಿರಲಿಲ್ಲ, ಏಕೆಂದರೆ ಆ ಸಂಖ್ಯೆ ಇಪಿಒ ಇದೆಯೆಂದು ಹೇಳುವುದಿಲ್ಲ. ಬೆವರಿ ಮೈಯ ನೀರು ಇಳಿದರೂ ಪಾಲು ಏರುತ್ತದೆ, ಸಲೈನ್ ಹಾಕಿಸಿಕೊಂಡರೆ ಇಳಿಯುತ್ತದೆ. ನಡೆದದ್ದೂ ಅದೇ. 49ರವರೆಗೆ ಏರಿಸಿಕೊಂಡು ಅಲ್ಲೇ ನಿಲ್ಲಿಸುವುದಕ್ಕೆ ಮಿತಿಯೇ ದಾರಿ ತೋರಿಸಿದಂತಾಯಿತು.

ಮೂತ್ರದಲ್ಲಿ ನೇರವಾಗಿ ಗುರುತಿಸುವ ವಿಧಾನ ಬಂದದ್ದು 2000ದಲ್ಲಿ. ಕಾರ್ಖಾನೆಯ ಇಪಿಒ ತಯಾರಾಗುವುದು ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಅಂಡಾಶಯದ ಜೀವಕೋಶಗಳಲ್ಲಿ. ಅದರ ಸಕ್ಕರೆ ಸರಪಳಿ ನಮ್ಮ ದೇಹದ್ದಕ್ಕಿಂತ ಬೇರೆ, ವಿದ್ಯುದಾವೇಶವೂ ಬೇರೆ. ವಿದ್ಯುತ್ ಹರಿಸಿದ ಜೆಲ್ ಮೇಲೆ ಎರಡರ ಪಟ್ಟಿಗಳು ಬೇರೆ ಬೇರೆ ಜಾಗದಲ್ಲಿ ಮೂಡುತ್ತವೆ. ಆದರೆ ಗುರುತು ಕೆಲವೇ ದಿನ, ಹೆಚ್ಚಿದ ಕಣಗಳು ವಾರಗಟ್ಟಲೆ. ತಪಾಸಣೆಯವರು ಹೇಳದೆ ಕೇಳದೆ ಬರುವುದು ಅದಕ್ಕೇ. 2003ರ ವಿಶ್ವ ಚಾಂಪಿಯನ್, ಬೆಲ್ಜಿಯಂನ ಫಿಲಿಪ್ ಮೈರ್‌ಹಾಗ 2004ರಲ್ಲಿ ಸಿಕ್ಕಿಬಿದ್ದರು. "ಸಿಕ್ಕಿಬಿದ್ದರು" ಅಲ್ಲಿ ಸರಿ.

ಹೊ. ಬರೆದದ್ದು:

ಪಾಠ ಕೇಳಿಯಾಯಿತು. "ಮೌಂಟನ್ ಬೈಕ್" ಬಗ್ಗೆ ಯಾಕೆ ಉಸಿರಿಲ್ಲ? "ಬೆಟ್ಟದ ತುಳಿಬಂಡಿ" ಎನ್ನಬಾರದೆ?

ಎಂ. ಆರ್. ಬರೆದದ್ದು:

ತುಳಿಬಂಡಿ ಎಂದರೆ ಓದುವವರು ಹೊಲಿಗೆ ಮಿಷನ್ ಅಂದುಕೊಳ್ಳುತ್ತಾರೆ. "ಸೈಕಲ್" ಕನ್ನಡದ್ದೇ ಆಗಿ ಎಷ್ಟೋ ಕಾಲವಾಯಿತು. ಆದರೆ "ಬೈಕ್" ಬೇಡ, ಇಲ್ಲಿ ಬೈಕ್ ಎಂದರೆ ಪೆಟ್ರೋಲ್ ಕುಡಿಯುವುದು. "ಮೌಂಟನ್ ಸೈಕಲ್" ಸಾಕು.

ಕೆ. ಭ. ಬರೆದದ್ದು:

ಹೀಗೆ ಒಂದೊಂದಾಗಿ "ಸಾಕು" ಎನ್ನುತ್ತಲೇ ಅರ್ಧ ನಿಘಂಟು ಹೋಯಿತು. ಧೂಪದ ವಿಷಯದಲ್ಲಿ ನನ್ನ ಮಾತು ಬದಲಿಲ್ಲ.

ಹೊ. ಬರೆದದ್ದು:

ನಿಘಂಟು ಹೋದದ್ದು "ಔಷಧ" ಬಂದಾಗಲೇ, ಮೇಷ್ಟ್ರೇ. ಇಂಗ್ಲಿಷ್ ಎರವಲಾದರೆ ಮೈಲಿಗೆ, ಸಂಸ್ಕೃತದ್ದಾದರೆ ಮಡಿ. ಇದು ಯಾವ ವ್ಯಾಕರಣ?

ಸು. ನಾ. ಬರೆದದ್ದು:

ಮುದ್ರಣದವರು ಎರಡು ಸಲ ಫೋನ್ ಮಾಡಿದರು. ಹೀಗೆ ಕಳಿಸುತ್ತಿದ್ದೇನೆ:

"ಡೋಪಿಂಗ್. ಮೌಂಟನ್ ಸೈಕಲ್‌ನ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ 1990ರಲ್ಲಿ ಡುರಾಂಗೋದಲ್ಲಿ ನಡೆಯಿತು. 1996ರಲ್ಲಿ ಕೇರ್ನ್ಸ್‌ನಲ್ಲಿ ಗೆದ್ದ ಜೆರೋಮ್ ಶಿಯೋಟಿ, ಇಪಿಒ ಚುಚ್ಚಿಸಿಕೊಂಡಿದ್ದಾಗಿ 2000ದಲ್ಲಿ ತಾವೇ ಒಪ್ಪಿಕೊಂಡು ಜೆರ್ಸಿಯನ್ನು ಥಾಮಸ್ ಫ್ರಿಶ್‌ಕ್ನೆಕ್ಟ್ ಅವರಿಗೆ ಒಪ್ಪಿಸಿದರು. 1997ರಿಂದ ರಕ್ತದಲ್ಲಿ ಕೆಂಪುಕಣದ ಪಾಲು ಶೇ 50 (ಮಹಿಳೆಯರಿಗೆ 47) ದಾಟಿದವರನ್ನು 15 ದಿನ ಸ್ಪರ್ಧೆಗೆ ಬಿಡುತ್ತಿರಲಿಲ್ಲ."

"ಕಳ್ಳಮದ್ದು" ಎತ್ತಿಟ್ಟುಕೊಂಡಿದ್ದೇನೆ.

ಎಂ. ಆರ್. ಬರೆದದ್ದು:

ಸರಿಯಾಗಿದೆ. "ಒಪ್ಪಿಕೊಂಡು... ಒಪ್ಪಿಸಿದರು" ಒಂದೇ ವಾಕ್ಯದಲ್ಲಿ ಬೇಡ. ಎರಡನೆಯದನ್ನು "ಕೊಟ್ಟರು" ಮಾಡಿ ಕಳಿಸಿ.