ಹಳೇ ಪುಸ್ತಕ ಓದೋದು, ಕೂಡಿಡೋದು: ಎಲ್ಲಿಂದ ಶುರು ಮಾಡಲಿ?

ಕೇಳಿದವರು, ಮೈಸೂರು:
ಎಲ್ಲರಿಗೂ ನಮಸ್ಕಾರ. ನಾನು ಓದಿದ್ದೆಲ್ಲ ಸೈನ್ಸು. ಕನ್ನಡ ಪಿಯುಸಿಗೇ ಮುಗಿಯಿತು. ಈಗ ಮಕ್ಕಳು ಹಾಸ್ಟೆಲ್ ಸೇರಿದ್ದಾರೆ, ಸಂಜೆ ಪುರುಸೊತ್ತು ಸಿಗುತ್ತಿದೆ. ನಮ್ಮ ದೊಡ್ಡ ಸಾಹಿತಿಗಳನ್ನು ಓದಬೇಕು, ಅದೂ ಹಳೇ ಪ್ರತಿಗಳನ್ನೇ ಹುಡುಕಿ ಕೊಳ್ಳಬೇಕು ಅಂತ ಆಸೆ. ಯಾವುದರಿಂದ ಶುರು ಮಾಡಲಿ? ಎಲ್ಲಿ ಸಿಗುತ್ತದೆ? ಹುಳ ಹಿಡಿಯದ ಹಾಗೆ ಹೇಗೆ ಇಡೋದು? ಅನುಭವ ಇದ್ದವರು ಹೇಳಿ.

ಸರಸ್ವತಿಪುರಂನಿಂದ, ನಿವೃತ್ತ ಬ್ಯಾಂಕ್ ನೌಕರ:
ಮೇಡಂ, ಮೊದಲೇ ದಪ್ಪ ಪುಸ್ತಕಕ್ಕೆ ಕೈ ಹಾಕಬೇಡಿ. ಯಾರನ್ನು ಕೇಳಿದರೂ ‘ಮಲೆಗಳಲ್ಲಿ ಮದುಮಗಳು’ ಅಂತಾರೆ. ದೊಡ್ಡ ಕೃತಿ, ಎರಡು ಮಾತಿಲ್ಲ. ಆದರೆ ಅದರಲ್ಲಿ ಒಬ್ಬ ನಾಯಕ ಅಂತ ಇಲ್ಲ. ಹತ್ತಾರು ಮನೆಗಳ ಒಡೆಯರು, ಆಳುಗಳು, ಗುತ್ತಿ ಅನ್ನುವ ಆಳಿನ ನಾಯಿ ಹುಲಿಯ, ಎಲ್ಲರೂ ಒಟ್ಟೊಟ್ಟಿಗೆ ಬರುತ್ತಾರೆ. ಯಾರು ಯಾರ ಮನೆಯವರು ಅನ್ನುವುದು ಗೊತ್ತಾಗುವ ಮುಂಚೆಯೇ ಕೈಬಿಟ್ಟವರನ್ನು ಬಹಳ ನೋಡಿದ್ದೇನೆ. ಕುವೆಂಪು ಅದನ್ನು ಕೊಟ್ಟದ್ದು 1967ರಲ್ಲಿ. ‘ಕಾನೂರು ಹೆಗ್ಗಡಿತಿ’ 1936ರದ್ದು. ಅದನ್ನು ಮೊದಲು ಓದಿ, ಮಲೆನಾಡು ಒಂದಷ್ಟು ಪರಿಚಯ ಆಗಿರುತ್ತದೆ.

ಅದಕ್ಕೂ ಮುಂಚೆ ಮಾಸ್ತಿಯವರ ‘ಸುಬ್ಬಣ್ಣ’. ಪುಟ್ಟ ಪುಸ್ತಕ, ಒಂದು ಸಂಜೆಗೆ ಮುಗಿಯುತ್ತದೆ. ಮೈಸೂರಿನ ಒಬ್ಬ ಸಂಗೀತಗಾರನ ಕತೆ. ಆಮೇಲೆ ತ್ರಿವೇಣಿ. ಹುಟ್ಟಿದ್ದು ಮಂಡ್ಯ, ಬಾಳಿದ್ದು ಮೈಸೂರು. 1963ರಲ್ಲಿ ತೀರಿಕೊಂಡಾಗ ಮೂವತ್ತೈದೂ ತುಂಬಿರಲಿಲ್ಲ. ‘ಅಯ್ಯೋ, ಹೆಂಗಸರ ಕಾದಂಬರಿ’ ಅಂತ ಪಕ್ಕಕ್ಕೆ ಸರಿಸುವವರು ಇದ್ದಾರೆ, ನಾನಂತೂ ಒಪ್ಪಲ್ಲ. ಮನಸ್ಸಿನ ಕಾಯಿಲೆಯನ್ನು ದೆವ್ವ ಅನ್ನದೆ ಕಾಯಿಲೆ ಅಂತಲೇ ನೋಡಿ, ಮನೆಮನೆಗೂ ಮುಟ್ಟುವ ಹಾಗೆ ಬರೆದರು. ಆ ಕಾಲಕ್ಕೆ ಸಣ್ಣ ಕೆಲಸವೇನಲ್ಲ.

ಹಳೇ ಪ್ರತಿ ಕೈಗೆ ಬಂದಾಗ ಶೀರ್ಷಿಕೆ ಪುಟದ ಹಿಂಬದಿ ನೋಡಿ. ಎಷ್ಟನೇ ಮುದ್ರಣ, ಎಷ್ಟು ಪ್ರತಿ, ಪುಸ್ತಕದ ಅಳತೆ ಡೆಮಿಯೋ ಕ್ರೌನೋ, ಸಾಮಾನ್ಯವಾಗಿ ಅಲ್ಲಿರುತ್ತದೆ. ಆ ಹಾಳೆಯೇ ಹೋಗಿದ್ದರೆ ಬೆಲೆ ಹುಡುಕಿ. 2–8–0 ಅಂತ ಇದ್ದರೆ ಎರಡು ರೂಪಾಯಿ ಎಂಟಾಣೆ. ನಯಾಪೈಸೆ ಬಂದದ್ದು 1957ರಲ್ಲಿ, ಹಾಗಾಗಿ ಪುಸ್ತಕ ಹೆಚ್ಚುಕಮ್ಮಿ ಅದಕ್ಕಿಂತ ಹಿಂದಿನದು. ವಿಳಾಸದಲ್ಲಿ ಅಂಚೆ ವಲಯದ ಅಂಕಿ ಹಾಕಿ ‘ಮೈಸೂರು–4’ ಅಂತಷ್ಟೇ ಇದ್ದು ಆರಂಕಿಯ ಪಿನ್‌ಕೋಡ್ ಇಲ್ಲದಿದ್ದರೆ 1972ಕ್ಕೆ ಮುಂಚಿನದು ಇರಬಹುದು. ಇದನ್ನು ಪೂರ್ತಿ ನಂಬಬೇಡಿ, ಆಮೇಲೂ ಹಳೇ ರೂಢಿ ಬಿಡದವರಿದ್ದರು. ಅಚ್ಚುಮೊಳೆ ಜೋಡಿಸಿ ಒತ್ತಿದ ಪುಟವಾದರೆ ಹಿಂಬದಿಗೆ ಬೆರಳಾಡಿಸಿ. ಅಕ್ಷರ ಒತ್ತಿದ ಉಬ್ಬು ಕೈಗೆ ಸಿಗುತ್ತದೆ. ಅಲ್ಲಲ್ಲಿ ಒಂದು ಒತ್ತಕ್ಷರ ಮುರಿದಿರುತ್ತದೆ, ಒಂದು ಕೊಂಬು ಅರ್ಧ ಮೂಡಿರುತ್ತದೆ. ನನಗೆ ಅದೇ ಒಂದು ಖುಷಿ.

ಇನ್ನೊಂದು ಮಾತು. ಓದಿ ಇಷ್ಟವಾದದ್ದರ ಹಳೇ ಪ್ರತಿ ಹುಡುಕಿ. ಹಳೇದು ಅನ್ನುವ ಕಾರಣಕ್ಕೇ ಕೊಳ್ಳುತ್ತಾ ಹೋದರೆ ಬೀರು ತುಂಬುತ್ತದೆ ಅಷ್ಟೆ.

ಅಗ್ರಹಾರದಿಂದ:
ಮೇಲಿನ ಸಾರ್ ಹೇಳಿದ ಕೊನೇ ಮಾತಿಗೆ ನನ್ನ ತಕರಾರು ಇದೆ. ಹಳೇ ಪುಸ್ತಕ ಕಂಡಾಗಲೇ ಕೊಳ್ಳಬೇಕು. ನೀವು ಓದಿ ಮುಗಿಸಿ ಬರುವ ತನಕ ಗುಜರಿಯವನು ಇಟ್ಟುಕೊಂಡು ಕೂರಲ್ಲ. ಅವನಿಗೆ ಅದು ಕೆಜಿ ಲೆಕ್ಕ.

ಎಲ್ಲಿ ಅಂತ ಕೇಳಿದಿರಿ. ಹಿಂದೆ ಆಗಿದ್ದರೆ ದೇವರಾಜ ಮಾರುಕಟ್ಟೆ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡ ಅಂತ ಕಣ್ಣುಮುಚ್ಚಿ ಹೇಳುತ್ತಿದ್ದೆ. ಸೆಕೆಂಡ್ ಹ್ಯಾಂಡ್ ಪುಸ್ತಕದವರು ಸಾಲಾಗಿ ಇದ್ದರು. ಪಠ್ಯಪುಸ್ತಕದ ರಾಶಿಯ ಅಡಿಯಲ್ಲಿ ಕಾದಂಬರಿ ಸಿಕ್ಕಿಕೊಂಡಿರುತ್ತಿತ್ತು. 2012ರಲ್ಲಿ ಕಟ್ಟಡದ ಒಂದು ಭಾಗ ಕುಸಿದು ಜೀವ ಹೋಯಿತು, ಅಂಗಡಿಗಳು ಖಾಲಿಯಾದವು. ಈಗ ನಿಮ್ಮ ಬೀದಿಯ ಗುಜರಿ ಅಂಗಡಿಯೇ ಗತಿ. ಅವನ ಹತ್ತಿರ ಪರಿಚಯ ಇಟ್ಟುಕೊಳ್ಳಿ, ಕನ್ನಡ ಪುಸ್ತಕ ಬಂದರೆ ಒಂದು ಫೋನ್ ಮಾಡಪ್ಪ ಅನ್ನಿ. ನಮ್ಮ ಕಡೆ, ಚಾಮರಾಜಪುರಂ ಕಡೆ ಹಳೇ ಮನೆ ಖಾಲಿ ಮಾಡುವಾಗ ಮೂಟೆಗಟ್ಟಲೆ ಬರುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರ ಉಪನ್ಯಾಸಗಳ ಪುಟ್ಟ ಪುಸ್ತಕ ಕಂಡರೆ ಬಿಡಬೇಡಿ. ದೊಡ್ಡ ವಿಷಯವನ್ನು ಹಳ್ಳಿಯವರಿಗೂ ತಿಳಿಯುವ ಹಾಗೆ ಬರೆಸಿದವು.

ಲೈಬ್ರರಿ ಮೊಹರು ಇದ್ದು, ರದ್ದು ಮಾಡಿದ ಗುರುತು ಇಲ್ಲದಿದ್ದರೆ ಮಾತ್ರ ಕೊಳ್ಳಬೇಡಿ. ಯಾರೋ ಎತ್ತಿಕೊಂಡು ಬಂದದ್ದಿರಬಹುದು.

ಪಾಂಡವಪುರ ಕಡೆಯಿಂದ, ಹೈಸ್ಕೂಲ್ ಮೇಷ್ಟ್ರು:
ಅಕ್ಕ, ಎಲ್ಲರೂ ಕಾದಂಬರಿಯನ್ನೇ ಹೇಳುತ್ತಿದ್ದಾರೆ. ಕುಮಾರವ್ಯಾಸನನ್ನು ಬಿಡಬೇಡಿ. ನಡುಗನ್ನಡ ಅಂತ ಹೆದರಬೇಡಿ. ಮನಸ್ಸಿನಲ್ಲೇ ಓದಿದರೆ ಕಷ್ಟ, ಬಾಯಿಬಿಟ್ಟು ಓದಿದರೆ ಅರ್ಧ ಅರ್ಥ ತಾನಾಗಿ ಆಗುತ್ತದೆ. ಭಾಮಿನಿ ಷಟ್ಪದಿಗೆ ಮೂರು–ನಾಲ್ಕು, ಮೂರು–ನಾಲ್ಕು ಮಾತ್ರೆಯ ನಡೆ. ಮೊದಲ ಪದ್ಯಕ್ಕೆ ತಡವರಿಸುತ್ತೀರಿ, ಆಮೇಲೆ ನಾಲಿಗೆಯೇ ಎಳೆದುಕೊಂಡು ಹೋಗುತ್ತದೆ. ನಮ್ಮ ಕಡೆ ಮಳೆ ಕೈಕೊಟ್ಟರೆ ವಿರಾಟಪರ್ವ ಓದಿಸುತ್ತಿದ್ದರು. ಅಕ್ಷರ ಬಾರದವರೂ ಕೂತು ಕೇಳಿ, ಉತ್ತರಕುಮಾರ ಜಂಬ ಕೊಚ್ಚುವ ಕಡೆ ಬಿದ್ದುಬಿದ್ದು ನಗುತ್ತಿದ್ದರು. ನೀವೂ ಅಲ್ಲಿಂದಲೇ ಶುರು ಮಾಡಿ, ಮೊದಲ ಪರ್ವದಿಂದ ಕ್ರಮವಾಗಿ ಹೋಗಬೇಕು ಅಂತೇನಿಲ್ಲ. ಕುವೆಂಪು ಮತ್ತು ಮಾಸ್ತಿ ಸೇರಿ ಸಂಪಾದಿಸಿ ಸರ್ಕಾರ ಅಚ್ಚು ಹಾಕಿಸಿದ ಪ್ರತಿ ಹಳೇ ಮನೆಗಳಲ್ಲಿ ಈಗಲೂ ಸಿಗುತ್ತದೆ.

ಒಂದು ಭಾನುವಾರ ಬಿಡುವು ಮಾಡಿಕೊಂಡು ನಮ್ಮ ಕಡೆ ಹರಳಹಳ್ಳಿಗೆ ಬನ್ನಿ. ಅಂಕೇಗೌಡರ ಪುಸ್ತಕ ಮನೆ ಇದೆ. ಬಸ್ ಕಂಡಕ್ಟರ್ ಆಗಿ, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದು, ಸಂಬಳವನ್ನೆಲ್ಲ ಪುಸ್ತಕಕ್ಕೇ ಸುರಿದವರು. ಲಕ್ಷಗಟ್ಟಲೆ ಪುಸ್ತಕ. ಅಲ್ಲಿ ಹೋದರೆ ಕೊಳ್ಳುವ ಚಟ ಬಿಡುತ್ತದೋ ಜಾಸ್ತಿಯಾಗುತ್ತದೋ, ಅದು ನಿಮ್ಮ ಹಣೆಬರಹ.

ಕುವೆಂಪುನಗರದಿಂದ, ಲೈಬ್ರರಿ ಕೆಲಸದಲ್ಲಿರುವವಳು:
ಹುಳದ ವಿಷಯಕ್ಕೆ ಯಾರೂ ಬರಲಿಲ್ಲ, ಅಲ್ವಾ? ಗುಜರಿಯಿಂದ ತಂದದ್ದನ್ನು ನೇರ ಬೀರುವಿಗೆ ಸೇರಿಸಬೇಡಿ. ಬೆನ್ನಿನ ಕಡೆ ಬಿಡಿಸಿ ನೋಡಿ, ಬಿಳಿ ಹಾಳೆಯ ಮೇಲೆ ಮೆಲ್ಲಗೆ ತಟ್ಟಿ. ಸಣ್ಣ ಪುಡಿ ಉದುರಿದರೆ ಅನುಮಾನ ಪಡಿ. ಪ್ಲಾಸ್ಟಿಕ್ ಕವರಿನಲ್ಲಿ ಗಾಳಿಯಾಡದ ಹಾಗೆ ಕಟ್ಟಿ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ತಣ್ಣಗಿರುವಾಗಲೇ ಕವರ್ ಬಿಚ್ಚಬೇಡಿ, ನೀರು ಪಸೆ ಕೂರುತ್ತದೆ. ಒಂದು ದಿನ ಬಿಟ್ಟು ಬಿಚ್ಚಿ. ಬಿರುಬಿಸಿಲಿಗೆ ಒಣಹಾಕುವುದೂ ಬೇಡ, ಹಾಳೆ ಇನ್ನೂ ಕಂದಾಗಿ ಮುರಿಯುತ್ತದೆ.

ಓಲೆಗರಿಗೆ ಸಿಟ್ರೊನೆಲ್ಲಾ ಎಣ್ಣೆ ಸವರುತ್ತಾರೆ ಅಂತ ಕೇಳಿ ಕಾಗದದ ಪುಸ್ತಕಕ್ಕೂ ಸವರುವವರಿದ್ದಾರೆ. ದಯವಿಟ್ಟು ಬೇಡ, ಕಲೆ ಹೋಗಲ್ಲ. ಬೀರುವಿನ ಮೂಲೆಯಲ್ಲಿ ಬಜೆ, ಒಣ ಬೇವಿನ ಸೊಪ್ಪು ಇಟ್ಟುಕೊಳ್ಳಿ. ಆದರೆ ಅದನ್ನೇ ನಂಬಿಕೊಂಡು ಕೂರಬೇಡಿ, ಆಗಾಗ ಪುಸ್ತಕ ತೆಗೆದು ಒರೆಸುವುದೇ ಜಾಸ್ತಿ ಕೆಲಸ ಮಾಡುತ್ತದೆ. ಬೀರು ಗೋಡೆಗೆ ಅಂಟಿರಬಾರದು. ಹರಿದ ಹಾಳೆಗೆ ಸೆಲ್ಲೋಟೇಪ್ ಹಾಕಬೇಡಿ. ಕೆಲವು ವರ್ಷಕ್ಕೆ ಟೇಪ್ ಉದುರುತ್ತದೆ, ಅದರ ಹಳದಿ ಗೆರೆ ಉಳಿಯುತ್ತದೆ.

ಬೈಂಡಿಂಗ್‌ಗೆ ಕೊಡುವುದಾದರೆ ‘ಅಂಚು ಕತ್ತರಿಸಬೇಡಿ, ಹಳೇ ರಟ್ಟಿನ ಚಿತ್ರ ಒಳಗೆ ಸೇರಿಸಿ’ ಅಂತ ಚೀಟಿ ಬರೆದು ಪುಸ್ತಕದ ಒಳಗೇ ಇಡಿ. ನನ್ನ ಒಂದು ಪುಸ್ತಕದಲ್ಲಿ ಹಳೇ ಓದುಗರು ಪೆನ್ಸಿಲ್‌ನಲ್ಲಿ ಪುಟದ ಅಂಚಿಗೆ ಟಿಪ್ಪಣಿ ಬರೆದಿದ್ದರು. ಬೈಂಡರ್ ನೀಟಾಗಿ ಕಾಣಲಿ ಅಂತ ಮೂರೂ ಕಡೆ ಕತ್ತರಿಸಿದ. ಈಗ ಪ್ರತಿ ಸಾಲಿನ ಅರ್ಧ ಮಾತ್ರ ಇದೆ.