ಚೀಸ್–ಈರುಳ್ಳಿ ಟೋಸ್ಟ್ ಹಗುರ ಮಾಡೋದು ಹೇಗೆ? ಮಾಡಿದವರು ಹೇಳಿ

ಸಂಜೆತಿಂಡಿ_ಮೈಸೂರು:
ನಮ್ಮ ಮನೆಯವರಿಗೆ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಜಾಸ್ತಿ ಬಂದಿದೆ, ತೂಕವೂ ಇಳಿಸಿ ಅಂದಿದ್ದಾರೆ ಡಾಕ್ಟರು. ಸಂಜೆಯ ಚೀಸ್–ಈರುಳ್ಳಿ ಟೋಸ್ಟ್ ಒಂದನ್ನ ಮಾತ್ರ ಬಿಡಲ್ಲ ಅಂತಾರೆ. ಈಗ ಹಾಕ್ತಿರೋದು ಎರಡು ಸ್ಲೈಸ್ ಬ್ರೆಡ್ಡು, 20 ಗ್ರಾಂ ಬೆಣ್ಣೆ, ಎರಡು ಚೀಸ್ ಸ್ಲೈಸ್, ಒಂದು ಈರುಳ್ಳಿ, ಹಸಿಮೆಣಸಿನಕಾಯಿ. ಓವನ್ ಇಲ್ಲ. ಕಬ್ಬಿಣದ ಕಾವಲಿ, ಒಂದು ನಾನ್‌ಸ್ಟಿಕ್ ತವಾ ಇವೆ. ರುಚಿ ಕೆಡದ ಹಾಗೆ ಏನು ಮಾಡಬಹುದು?

ಹಾಸನದ_ಬೇಕರಿಮನೆ:
ಚೀಸಿಗೆ ಕೈ ಹಾಕಬೇಡಿ, ಮೊದಲು ಬೆಣ್ಣೆ ತೆಗೀರಿ. 30 ಗ್ರಾಂನ ಎರಡು ಸ್ಲೈಸ್ ಬ್ರೆಡ್ಡಿಗೆ 150 ಕ್ಯಾಲರಿ, 20 ಗ್ರಾಂ ಬೆಣ್ಣೆಗೆ 145, ಎರಡು ಚೀಸ್ ಸ್ಲೈಸಿಗೆ 125, ಈರುಳ್ಳಿಗೆ 30. ಒಟ್ಟು 450. ಚೀಸಿಗಿಂತ ಬೆಣ್ಣೆಯದೇ ಹೆಚ್ಚು. ಎಲ್‌ಡಿಎಲ್ ಏರಿಸೋ ಸ್ಯಾಚುರೇಟೆಡ್ ಕೊಬ್ಬು 20 ಗ್ರಾಂ ಬೆಣ್ಣೆಯಲ್ಲೇ 10 ಗ್ರಾಂ ಇರುತ್ತೆ. ಆದರೂ ಎಲ್ಲರೂ ಬಯ್ಯೋದು ಚೀಸನ್ನ.

ಬೇಕರಿ ಖಾರಾ ಟೋಸ್ಟಿನ ಮಸಾಲೆಯನ್ನೇ ಹಿಡೀರಿ. 100 ಗ್ರಾಂ ಈರುಳ್ಳಿ ಸಣ್ಣಗೆ ಹೆಚ್ಚಿ, 40 ಗ್ರಾಂ ಕ್ಯಾರೆಟ್ ತುರಿ, ಎರಡು ಹಸಿಮೆಣಸಿನಕಾಯಿ, ಚಿಟಿಕೆ ಅರಿಶಿನ, ಕೊತ್ತಂಬರಿ ಸೊಪ್ಪು. ಒಂದು ಟೀ ಚಮಚ ಎಣ್ಣೆ ಸಾಕು, ಅದು 40 ಕ್ಯಾಲರಿ. ಈರುಳ್ಳಿ ಬಾಡಿ ತಳ ಹಿಡಿಯೋ ಹೊತ್ತಿಗೆ ಇನ್ನೊಂದು ಚಮಚ ಎಣ್ಣೆ ಸುರಿಯೋ ಚಟ ಎಲ್ಲರಿಗೂ ಇದೆ. ಎಣ್ಣೆ ಬದಲು ಒಂದು ಚಮಚ ನೀರು ಚಿಮುಕಿಸಿ ಕೆರೀರಿ. ತಳದ ಕೆಂಪು ಬಿಟ್ಕೊಂಡು ಈರುಳ್ಳಿಗೇ ಹತ್ತುತ್ತೆ, ಅದರಲ್ಲೇ ರುಚಿ ಇರೋದು. ಎರಡು ಮೂರು ಸಲ ಹೀಗೆ ಮಾಡಿ. ಉಪ್ಪು, ಕೊತ್ತಂಬರಿ ಇಳಿಸಿದ ಮೇಲೆ.

ಬ್ರೆಡ್ಡು ಬೆಣ್ಣೆ ಇಲ್ಲದೆ ಸಣ್ಣ ಉರಿಯಲ್ಲಿ ಎರಡೂ ಕಡೆ ಒಣಗಿಸಿ. ಒಂದೊಂದು ಕಡೆಗೆ ಒಂದೂವರೆ ನಿಮಿಷ, ಬೆರಳಲ್ಲಿ ತಟ್ಟಿದರೆ ಸದ್ದು ಬರಬೇಕು. ಚೀಸ್ ಸ್ಲೈಸ್ ಬೇಡ, ಬ್ಲಾಕ್ ತಗೊಳ್ಳಿ. 20 ನಿಮಿಷ ಫ್ರೀಜರಿನಲ್ಲಿಟ್ಟು ಸಣ್ಣ ಕಣ್ಣಿನಲ್ಲಿ ತುರಿದರೆ 20 ಗ್ರಾಂ ಎರಡೂ ಬ್ರೆಡ್ಡಿನ ತುದಿವರೆಗೆ ಬರುತ್ತೆ. ಅರ್ಧ ತುರಿ ಈರುಳ್ಳಿ ಕೆಳಗೆ, ಅರ್ಧ ಮೇಲೆ. ಕೆಳಗಿನದು ಈರುಳ್ಳಿಯನ್ನ ಹಿಡಿದುಕೊಳ್ಳುತ್ತೆ, ಅದರ ನೀರು ಬ್ರೆಡ್ಡಿಗೆ ಇಳಿಯೋದನ್ನೂ ತಡೆಯುತ್ತೆ. ಒಟ್ಟು 300ರ ಆಸುಪಾಸು.

ಲೇಬಲ್_ಓದುಗ:
ಲೆಕ್ಕ ಸರಿ ಇದೆ, ಆದರೆ 30 ಗ್ರಾಂ ಅನ್ನೋದು ಕಾರ್ಖಾನೆ ಬ್ರೆಡ್ಡಿಗೆ ಸರಿ. ಬೇಕರಿಯಲ್ಲಿ ದಪ್ಪ ಕೊಯ್ದು ಕೊಡೋ ಸ್ಲೈಸ್ 45 ಗ್ರಾಂ ತೂಗುತ್ತೆ. ಎರಡಕ್ಕೆ 225 ಕ್ಯಾಲರಿ ಆಯ್ತು, ಬೆಣ್ಣೆಯಲ್ಲಿ ಉಳಿಸಿದ್ದರಲ್ಲಿ ಅರ್ಧ ಇಲ್ಲೇ ಹೋಯ್ತು. ಅಡುಗೆ ಮನೆ ತಕ್ಕಡಿ ಇಲ್ಲದೆ ಕ್ಯಾಲರಿ ಮಾತಾಡೋದು ವ್ಯರ್ಥ.

ಇನ್ನೊಂದು: ಬ್ರೌನ್ ಬ್ರೆಡ್ಡಿಗೆ ಹೋಗಿ ಕ್ಯಾಲರಿ ಇಳೀತು ಅಂದುಕೊಳ್ಳಬೇಡಿ. ಬಿಳಿ ಬ್ರೆಡ್ಡು, ಗೋಧಿ ಬ್ರೆಡ್ಡು ಎರಡೂ 100 ಗ್ರಾಂಗೆ 250ರ ಹತ್ತಿರಹತ್ತಿರವೇ. ಗೋಧಿಯದರಲ್ಲಿ ನಾರು ಹೆಚ್ಚು, ಹೊಟ್ಟೆ ತುಂಬಿದ ಹಾಗಾಗುತ್ತೆ, ಅದು ನಿಜ. ಅದಕ್ಕೂ ಲೇಬಲ್ಲಿನಲ್ಲಿ ಮೊದಲನೇ ಹೆಸರು ಗೋಧಿ ಹಿಟ್ಟೇ ಆಗಿರಬೇಕು, ಯಾಕಂದರೆ ಪದಾರ್ಥಗಳನ್ನ ಬರೆಯೋದು ತೂಕದ ಇಳಿಕೆ ಕ್ರಮದಲ್ಲಿ. ಮೊದಲು ಮೈದಾ, ಕೊನೆಗೆ ಐಎನ್‌ಎಸ್ 150 ಅನ್ನೋ ಬಣ್ಣದ ಸಂಕೇತ ಇದ್ದರೆ ಆ ಕಂದು ಕ್ಯಾರಮೆಲ್ ಬಣ್ಣದ್ದು. ಚೀಸ್ ಪ್ಯಾಕೆಟ್ಟಿನಲ್ಲಿ ಖಾದ್ಯ ತೈಲ ಅಂತ ಕಂಡರೆ ಹಾಗೇ ವಾಪಸ್ ಇಡಿ, ಅದು ಚೀಸಿನ ಹಾಗೆ ಕಾಣೋ ಇನ್ನೇನೋ.

ಹಾಸನದ_ಬೇಕರಿಮನೆ:
ಬೇಕರಿ ಬ್ರೆಡ್ಡನ್ನ ದೂರೋ ಮುಂಚೆ ತೆಳ್ಳಗೆ ಕೊಯ್ಯಿಸಿಕೊಳ್ಳೋದು ಕಲೀರಿ. ಇಡೀ ಬ್ರೆಡ್ಡು ತಗೊಂಡು ಒಂದು ದಿನ ಬಿಟ್ಟು ಹಲ್ಲಿನ ಚಾಕುವಿನಲ್ಲಿ ಕೊಯ್ದರೆ ಒಂದು ಸೆಂಟಿಮೀಟರಿಗೆ ನೀಟಾಗಿ ಬರುತ್ತೆ, ತೂಕವೂ 30ರ ಒಳಗೆ. ಅದೇ ದಿನದ ಬ್ರೆಡ್ಡು ಒಳಗೆ ಹಸಿ, ಕೊಯ್ದರೆ ಮುದ್ದೆ, ಕಾವಲಿಗೆ ಹಾಕಿದರೆ ಹೊರಗೆ ಕಪ್ಪಾಗಿ ಒಳಗೆ ಮೆತ್ತಗೆ.

ಲೇಬಲ್_ಓದುಗ:
ಹಳೇ ಬ್ರೆಡ್ಡು ಖಾಲಿ ಮಾಡಿಸೋಕೆ ಒಳ್ಳೇ ಸಲಹೆ.

ಹಾಸನದ_ಬೇಕರಿಮನೆ:
ಒಂದು ದಿನದ ಬ್ರೆಡ್ಡು ಹಳೇದಲ್ಲ ಸ್ವಾಮಿ. ಟೋಸ್ಟಿಗೆ ಅದೇ ಬೇಕು. ಒಲೆ ಮುಂದೆ ನಿಂತವರನ್ನ ಕೇಳಿ.

ಉಳ್ಳಾಗಡ್ಡಿ_ಹುಬ್ಬಳ್ಳಿ:
ಅಕ್ಕಾರ, ಈ ಬ್ರೆಡ್ಡಿನ ಜಗಳ ಬಿಡ್ರಿ. ಚೀಸ್ ಪೂರ್ತಿ ಬಿಟ್ಟು ಕಟ್ಟಿದ ಮೊಸರು ಹಚ್ರಿ. ಟೋನ್ಡ್ ಹಾಲಿನ ಮೊಸರು 400 ಗ್ರಾಂ ತೆಳು ಬಟ್ಟ್ಯಾಗ ಕಟ್ಟಿ, ಜರಡಿ ಮ್ಯಾಲಿಟ್ಟು ಫ್ರಿಜ್ಜಿನ್ಯಾಗ ನಾಲ್ಕು ತಾಸು ಬಿಡ್ರಿ. 180 ಗ್ರಾಂ ಉಳೀತದ. ಹೊರಗ ತೂಗ ಹಾಕಿದ್ರ ಹುಳಿ ಏರ್ತದ, ಹಾಂಗ ಮಾಡಬ್ಯಾಡ್ರಿ. ಕೆಳಗಿಳಿದ ನೀರು ಚಪಾತಿ ಹಿಟ್ಟಿಗೆ ಹಾಕ್ರಿ, ಚೆಲ್ಲಬ್ಯಾಡ್ರಿ.

ಎರಡು ಬ್ರೆಡ್ಡಿಗೆ 60 ಗ್ರಾಂ ಸಾಕು, 60 ಕ್ಯಾಲರಿ. ಅದಕ್ಕ ಒಂದು ಟೀ ಚಮಚ ಸಣ್ಣ ರವಾ, ಅರ್ಧ ಚಮಚ ಕಡಲಿ ಹಿಟ್ಟು, ಕುಟ್ಟಿದ ಜೀರಗಿ, ಕರಿಮೆಣಸು. ರವಾ ನೀರು ಕುಡೀತದ, ಕಡಲಿ ಹಿಟ್ಟು ಮೊಸರು ಒಡಿಯೂದನ್ನ ತಡೀತದ. ಹಸಿ ಉಳ್ಳಾಗಡ್ಡಿ ಸಣ್ಣಗ ಹೆಚ್ಚಿ ಕಲಸಿದ ಕೂಡ್ಲೆ ಹಚ್ಚಬೇಕು. ಹತ್ತು ನಿಮಿಷ ಇಟ್ರ ಉಪ್ಪಿಗೆ ಉಳ್ಳಾಗಡ್ಡಿ ನೀರು ಬಿಟ್ಟು ಎಲ್ಲಾ ತೆಳ್ಳಗಾಗ್ತದ. ಹಚ್ಚಿದ ಕಡೆ ಕೆಳಗ ಮಾಡಿ, ನಾನ್‌ಸ್ಟಿಕ್ ತವಾದ ಮ್ಯಾಲೆ ಸಣ್ಣ ಉರಿಗೆ ಮೂರು ನಿಮಿಷ. ತಾನಾಗೇ ಬಿಡೂತನಕ ಎತ್ತಬ್ಯಾಡ್ರಿ, ಎತ್ತಿದ್ರ ಮೇಲಿನ ಪದರ ತವಾಕ್ಕೇ ಉಳೀತದ. ಉರಿ ಜೋರ್ ಮಾಡಿದ್ರಂತೂ ಮೊಸರು ಒಡದು ಬ್ರೆಡ್ಡು ತೊಯ್ದು ಹೋಗ್ತದ. 400 ಗ್ರಾಂ ಮೊಸರಿಗೆ 25 ರೂಪಾಯಿ ಹಿಡಿದ್ರೂ ಒಂದು ಸಲಕ್ಕ 8 ರೂಪಾಯಿ.

ನೀರುಳ್ಳಿ_ಕುಡ್ಲ:
60 ಗ್ರಾಂ ಕಟ್ಟಿದ ಮೊಸರಲ್ಲಿ ಪ್ರೋಟೀನ್ 4 ಗ್ರಾಂ ಮಾತ್ರ. ತೂಕ ಇಳಿಸುವವರಿಗೆ ಅದು ಎಂತ ಸಾಕು? ಡಬಲ್ ಟೋನ್ಡ್ ಹಾಲಿನ ಪನೀರ್ ಮಾಡಿ. ಲೀಟರಿಗೆ ಕೊಬ್ಬು 15 ಗ್ರಾಂ ಮಾತ್ರ, ಟೋನ್ಡ್ ಹಾಲಲ್ಲಿ 30. ಕುದಿ ಬಂದ ಮೇಲೆ ಒಲೆ ಆರಿಸಿ ಎರಡು ನಿಮಿಷ ಬಿಟ್ಟು, ಎರಡು ದೊಡ್ಡ ಚಮಚ ಲಿಂಬೆ ರಸಕ್ಕೆ ಅಷ್ಟೇ ನೀರು ಸೇರಿಸಿ ಸ್ವಲ್ಪ ಸ್ವಲ್ಪ ಹಾಕಿ. ನೀರು ಹಸಿರು ಛಾಯೆಗೆ ತಿರುಗಿದ ಕೂಡಲೇ ನಿಲ್ಲಿಸಬೇಕು. ಹುಳಿ ಜಾಸ್ತಿಯಾದರೆ ಪನೀರ್ ರಬ್ಬರಿನ ಹಾಗೆ ಕಚ್ಚುತ್ತದೆ. ಟೋಸ್ಟಿಗೆ ಭಾರ ಇಟ್ಟು ಒತ್ತುವುದು ಬೇಡ, ಬಟ್ಟೆಯಲ್ಲಿ 15 ನಿಮಿಷ ಬಸಿದರೆ ಸಾಕು, ಪುಡಿಪುಡಿ ಮೆತ್ತಗೆ ಇರಬೇಕು.

ಆದರೆ ಇದು ಕರಗುವುದಿಲ್ಲ, ಉರಿ ಜೋರು ಮಾಡಿ ಕಾಯಬೇಡಿ. ಹಾಲು ಕುದಿಸಿ ಹುಳಿಯಲ್ಲಿ ಒಡೆಸಿದ ಯಾವುದೂ ಕರಗುವುದಿಲ್ಲ, ಬಿಸಿ ತಾಗಿದಷ್ಟೂ ನೀರು ಹೋಗಿ ಗಟ್ಟಿಯಾಗುತ್ತದೆ. ಹಾಗಾಗಿ 50 ಗ್ರಾಂ ಪನೀರಿಗೆ 10 ಗ್ರಾಂ ಸಂಸ್ಕರಿಸಿದ ಚೀಸ್ ತುರಿದು, ಒಂದು ಚಮಚ ಬಿಸಿ ಹಾಲು ಹಾಕಿ ಫೋರ್ಕಿನಲ್ಲಿ ನಾದಿ. ಚೀಸಿನಲ್ಲಿರುವ ಎಮಲ್ಸಿಫೈಯರ್ ಉಪ್ಪುಗಳಿಂದಾಗಿ ಅದು ಒಡೆಯದೆ ನುಣ್ಣಗೆ ಕರಗುತ್ತದೆ, ಪನೀರನ್ನೂ ಹಿಡಿದುಕೊಳ್ಳುತ್ತದೆ. ಮೇಲೆ ನೀರುಳ್ಳಿ, ಸ್ವಲ್ಪ ಕರಿಮೆಣಸು.

ಉಳ್ಳಾಗಡ್ಡಿ_ಹುಬ್ಬಳ್ಳಿ:
ಲೀಟರ್ ಹಾಲಿಗೆ 135 ಗ್ರಾಂ ಪನೀರ್ ಬರ್ತದ. ಹಾಲಿಗೆ 45 ರೂಪಾಯಿ ಹಿಡೀರಿ, 50 ಗ್ರಾಂಗೆ 17 ರೂಪಾಯಿ ಆತು, ಮ್ಯಾಲೆ ಚೀಸ್ ಬ್ಯಾರೆ. ಕ್ಯಾಲರಿ 90ರ ಮ್ಯಾಲೆ, ಚೀಸ್ ಸೇರಿದ್ರ 120. ಆಕೀ ಕೇಳಿದ್ದು ಹಗುರ ಮಾಡೂದು, ನೀವು ಹೇಳಿದ್ದು ಎರಡು ಚೀಸ್ ಸ್ಲೈಸಿನಷ್ಟ ಆತಲ್ರಿ!

ನೀರುಳ್ಳಿ_ಕುಡ್ಲ:
ಕ್ಯಾಲರಿ ಅಷ್ಟೇ ಇರಬಹುದು, ಹೊಟ್ಟೆ ನಿಲ್ಲುವುದು ಬೇರೆ. ಪನೀರ್ ಟೋಸ್ಟ್ ತಿಂದವರು ರಾತ್ರಿ ಊಟಕ್ಕೆ ಒಂದು ಚಪಾತಿ ಕಡಿಮೆ ತಿಂತಾರೆ. ನಿಮ್ಮ ಮೊಸರು ಟೋಸ್ಟ್ ತಿಂದು ಒಂದು ಗಂಟೆಗೆ ಮಿಕ್ಸ್ಚರ್ ಡಬ್ಬಿ ಹುಡುಕುತ್ತಾರೆ. ಎಲ್ಲ ಲೆಕ್ಕ ತಟ್ಟೆಯಲ್ಲೇ ಮುಗಿಯುವುದಿಲ್ಲ ಮಾರಾಯ್ರೆ.

ಲೆಸ್ಟರ್_ಕನ್ನಡತಿ:
ಈ ತಿಂಡಿಯ ತವರು ಇಂಗ್ಲೆಂಡಲ್ಲಿ ಕೂತು ಹೇಳ್ತಿದೀನಿ. ಇಲ್ಲಿನ ಹಳೇ ದಾರಿ ಒಂದೇ: ಚೆಡ್ಡರ್ ಚೀಸಿನಲ್ಲಿ ಮೈಲ್ಡ್ (ಎಳೆಯದು) ಬಿಟ್ಟು ತುಂಬಾ ಹಳತಾದ, ನಾಲಿಗೆ ಚುರ್ ಅನ್ನೋದನ್ನ ತಗೊಂಡು ಕಮ್ಮಿ ಹಾಕೋದು. 100 ಗ್ರಾಂಗೆ 416 ಕ್ಯಾಲರಿ ನೋಡಿ ಹೆದರಬೇಡಿ. ಮೈಲ್ಡ್ 40 ಗ್ರಾಂ ಕೊಡೋ ರುಚಿಯನ್ನ ಇದು 25 ಗ್ರಾಂನಲ್ಲಿ ಕೊಡುತ್ತೆ. ಕೊಬ್ಬು ಇಳಿಸಿದ ಚೆಡ್ಡರ್ 310ರ ಸುಮಾರಿಗೆ ಸಿಗುತ್ತೆ, ಆದರೆ ಗ್ರಿಲ್ ಕೆಳಗೆ ಅದು ಹರಡಲ್ಲ, ಬೆವರಿ ಮೇಲೆ ಚರ್ಮ ಕಟ್ಟುತ್ತೆ. ಕೊಬ್ಬು ಕಮ್ಮಿಯಾದಾಗ ಪ್ರೋಟೀನ್ ಬಲೆ ಬಿಗಿಯಾಗಿಬಿಡುತ್ತೆ.

ವೆಲ್ಷ್ ರೇರ್‌ಬಿಟ್ (ಚೀಸ್ ಸಾಸ್ ಹಚ್ಚಿದ ಟೋಸ್ಟ್) ಜಾಡಿನಲ್ಲಿ ಸಾಸ್ ಮಾಡಿ, ಇನ್ನೂ ಕಮ್ಮಿ ಚೀಸಿನಲ್ಲಿ ಮುಗಿಯುತ್ತೆ. ಮೂಲದಲ್ಲಿ ಬಿಯರ್, ಬೆಣ್ಣೆ ಇರುತ್ತೆ, ಎರಡೂ ಬಿಡಿ. ಒಂದು ಟೀ ಚಮಚ ಮೈದಾವನ್ನ ಮೂರು ದೊಡ್ಡ ಚಮಚ ತಣ್ಣನೆ ಕೆನೆ ತೆಗೆದ ಹಾಲಲ್ಲಿ ಗಂಟಿಲ್ಲದೆ ಕದಡಿ, ಸಣ್ಣ ಉರಿಯಲ್ಲಿ ದೋಸೆ ಹಿಟ್ಟಿನ ಹದಕ್ಕೆ ತನ್ನಿ. ಒಲೆಯಿಂದ ಇಳಿಸಿದ ಮೇಲೆ ತುರಿದ ಚೀಸ್, ಅರ್ಧ ಚಮಚ ಸಾಸಿವೆ ಪೇಸ್ಟ್. ಒಲೆ ಮೇಲೇ ಚೀಸ್ ಹಾಕಿ ಕುದಿಸಿದರೆ ಎಣ್ಣೆ ಬೇರೆ, ಎಳೆ ಬೇರೆ ಆಗುತ್ತೆ. ಎರಡು ಬ್ರೆಡ್ಡಿಗೆ 130 ಕ್ಯಾಲರಿ, ದಪ್ಪಗೆ ಹಚ್ಚಬಹುದು. ಈರುಳ್ಳಿ ಉದ್ದಕ್ಕೆ ಹೆಚ್ಚಿ ಮುಚ್ಚಳ ಮುಚ್ಚಿ ಅದರ ನೀರಲ್ಲೇ ಬೇಯಿಸಿ, ಆಮೇಲೆ ತೆರೆದು ಕೆಂಪಗೆ ಮಾಡಿ. ಬೇಗ ಕೆಂಪಾಗಲಿ ಅಂತ ಸೋಡಾ ಹಾಕೋರು ಚಿಟಿಕೆ ಮೀರಿದರೆ ಈರುಳ್ಳಿ ಗೊಜ್ಜಾಗಿ ಸೋಪಿನ ವಾಸನೆ ಬರುತ್ತೆ.

ಸಂಸ್ಕರಿಸಿದ ಚೀಸಿನಲ್ಲಿ ಸೋಡಿಯಂ ಚೆಡ್ಡರಿಗಿಂತ ತುಂಬಾ ಹೆಚ್ಚು. ಬಿಪಿಯೂ ಇದ್ದರೆ ಅದನ್ನ ಯಾಕೆ ಯಾರೂ ಹೇಳ್ತಿಲ್ಲ?

ಹಾಸನದ_ಬೇಕರಿಮನೆ:
ಮೈಸೂರಲ್ಲಿ ಆ ಚೆಡ್ಡರ್ ಹುಡುಕಿದರೂ 200 ಗ್ರಾಂಗೆ ಕೊಡೋ ದುಡ್ಡಿನಲ್ಲಿ ತಿಂಗಳ ಬ್ರೆಡ್ಡು ಬರುತ್ತೆ ತಾಯಿ.

ಏರ್‌ಫ್ರೈಯರ್_ಹೆಬ್ಬಾಳ:
ಇಷ್ಟೆಲ್ಲ ಯಾಕೆ? ಏರ್‌ಫ್ರೈಯರ್ ತಗೊಂಡರೆ ಎಣ್ಣೆಯೂ ಬೇಡ, ಬೆಣ್ಣೆಯೂ ಬೇಡ. ಮೂರು ನಿಮಿಷ ಬಿಸಿ ಮಾಡಿ, ಬರೀ ಬ್ರೆಡ್ಡು 180 ಡಿಗ್ರಿಯಲ್ಲಿ ಎರಡು ನಿಮಿಷ, ಮಗುಚಿ ಈರುಳ್ಳಿ–ಚೀಸ್ ಇಟ್ಟು ಮತ್ತೆ ಮೂರರಿಂದ ನಾಲ್ಕು ನಿಮಿಷ. ಚೀಸ್ ಸ್ಲೈಸ್ ಮೇಲೆ ಇಟ್ಟರೆ ಫ್ಯಾನಿನ ಗಾಳಿಗೆ ಎದ್ದು ಹೀಟರಿಗೆ ಅಂಟುತ್ತೆ, ಹೊಗೆ ಬರುತ್ತೆ, ಕೆರೆದು ತೆಗೆಯೋಕೂ ಆಗಲ್ಲ. ನಾಲ್ಕು ಮೂಲೆಗೂ ಈರುಳ್ಳಿ ಭಾರ ಇಡಿ, ಇಲ್ಲಾ ಟೂತ್‌ಪಿಕ್ ಚುಚ್ಚಿ. ಹಸಿ ಈರುಳ್ಳಿ ಎರಡು ಮಿಲಿಮೀಟರಿಗಿಂತ ದಪ್ಪ ಇದ್ದರೆ ತುದಿ ಕರ್ರಗಾಗಿ ನಡು ಹಸಿ ಉಳಿಯುತ್ತೆ. 1400 ವಾಟಿನ ಮೆಷಿನ್ ಹತ್ತು ನಿಮಿಷಕ್ಕೆ ಕಾಲು ಯೂನಿಟ್ಟೂ ಮುಟ್ಟಲ್ಲ.

ಕಾವಲಿ_ಕೊಪ್ಪ:
ಅವರು ಓವನ್ ಇಲ್ಲ ಅಂತ ಮೊದಲೇ ಬರೆದಿದ್ದಾರೆ. ಎರಡು ಬ್ರೆಡ್ಡು ಒಣಗಿಸೋಕೆ ಐದಾರು ಸಾವಿರದ ಮೆಷಿನ್ ತಗೋಬೇಕಾ? ಆ ಗಾಳಿಗೆ ಕಡಿಮೆ ಚೀಸ್ ಹಾಕಿದ ಟೋಸ್ಟ್ ಮೊದಲು ಒಣಗೋದು, ಆಮೇಲೆ ಕರಗೋದು. ಹಪ್ಪಳ ಆಗುತ್ತೆ.

ಏರ್‌ಫ್ರೈಯರ್_ಹೆಬ್ಬಾಳ:
ಉಪಯೋಗಿಸದೇ ಇರೋದರ ಬಗ್ಗೆ ತೀರ್ಪು ಕೊಡಬೇಡಿ. 180ಕ್ಕೆ ಇಟ್ಟರೆ ಒಣಗಲ್ಲ. 200ಕ್ಕೆ ಇಡೋರು ದೂರು ಹೇಳ್ತಾರೆ.

ಕಾವಲಿ_ಕೊಪ್ಪ:
ಚೀಸ್ ಕರಗೋಕೆ ಬೇಕಾಗಿರೋದು ಹಬೆ. ಕಬ್ಬಿಣದ ಕಾವಲಿಯಲ್ಲಿ ಅದು ಪುಕ್ಕಟೆ. ಕಾವಲಿ ಚೆನ್ನಾಗಿ ಕಾದ ಮೇಲೆ ಉರಿ ಪೂರ್ತಿ ಸಣ್ಣ ಮಾಡಿ ಒಂದು ನಿಮಿಷ ತಣಿಯೋಕೆ ಬಿಡಿ. ಇಲ್ಲದಿದ್ದರೆ ಮೇಲೆ ಚೀಸ್ ಕರಗೋದರೊಳಗೆ ತಳ ಕರಿ. ಒಣಗಿಸಿದ ಬ್ರೆಡ್ಡಿನ ಮೇಲೆ ಎಲ್ಲ ಜೋಡಿಸಿ, ಕಾವಲಿ ಅಂಚಿಗೆ ಒಂದು ಟೀ ಚಮಚ ನೀರು ಬಿಟ್ಟು ತಕ್ಷಣ ಮುಚ್ಚಳ ಮುಚ್ಚಿ. ಚಪ್ಪಟೆ ತಟ್ಟೆ ಮುಚ್ಚಿದರೆ ಹಬೆ ಹನಿಯಾಗಿ ನೇರ ಬ್ರೆಡ್ಡಿನ ಮೇಲೇ ಬೀಳುತ್ತೆ. ಗುಮ್ಮಟದ ಹಾಗಿರೋ ಮುಚ್ಚಳ ಆದರೆ ಹನಿ ಪಕ್ಕಕ್ಕೆ ಜಾರುತ್ತೆ. 40 ಸೆಕೆಂಡಿಗೆ ತೆಗೆದು, ಮುಚ್ಚಳ ಇಲ್ಲದೆ ಇನ್ನೊಂದು ನಿಮಿಷ ಬಿಟ್ಟರೆ ತಳ ಮತ್ತೆ ಗರಿಗರಿ. ತಟ್ಟೆಗೆ ಹಾಕಬೇಡಿ, ತಂತಿ ಜಾಲರಿ ಮೇಲಿಡಿ, ತಟ್ಟೆಯಲ್ಲಿ ತಳ ಬೆವರುತ್ತೆ.

ಸಂಜೆತಿಂಡಿ_ಮೈಸೂರು:
ಎಲ್ಲರಿಗೂ ಥ್ಯಾಂಕ್ಸ್. ಕಾವಲಿಯಲ್ಲೇ ಮಾಡ್ತೀನಿ. ಒಂದು ಅನುಮಾನ: ಈರುಳ್ಳಿ ಬಾಡಿಸುವಾಗ ಉಪ್ಪು ಮೊದಲೇ ಹಾಕಬಾರದಾ? ಬೇಗ ಬಾಡುತ್ತಲ್ಲ?

ಲೆಸ್ಟರ್_ಕನ್ನಡತಿ:
ಮೊದಲೇ ಹಾಕಿ. ನೀರು ಬಿಡುತ್ತೆ, ಆ ನೀರಲ್ಲೇ ಬೇಯುತ್ತೆ, ಎಣ್ಣೆ ಉಳಿಯುತ್ತೆ.

ಹಾಸನದ_ಬೇಕರಿಮನೆ:
ಅರ್ಧ ಗಂಟೆ ನಿಂತು ಕೆಂಪು ಮಾಡೋರಿಗೆ ಅದು ಸರಿ. ಖಾರಾ ಟೋಸ್ಟಿನ ಈರುಳ್ಳಿ ಮೂರು ನಿಮಿಷದ್ದು, ಹಲ್ಲಿಗೆ ಸಿಗಬೇಕು. ಮೊದಲೇ ಉಪ್ಪು ಬಿದ್ದರೆ ಬಾಣಲೆಯಲ್ಲಿ ನೀರು ನಿಂತು ಬೇಯುತ್ತೆ, ಹುರಿಯಲ್ಲ.

ಉಳ್ಳಾಗಡ್ಡಿ_ಹುಬ್ಬಳ್ಳಿ:
ಚೀಸಿನ್ಯಾಗೇ ಉಪ್ಪು ಅದ, ಬ್ರೆಡ್ಡಿನ್ಯಾಗೂ ಅದ. ಉಳ್ಳಾಗಡ್ಡಿಗೆ ಹಾಕೂದ್ಯಾಕ್ರಿ? ನಾಲ್ಕು ಹನಿ ನಿಂಬಿಹಣ್ಣು ಹಿಂಡ್ರಿ, ಉಪ್ಪಿನ ಕೊರತಿ ಗೊತ್ತಾಗಂಗಿಲ್ಲ.

ಲೇಬಲ್_ಓದುಗ:
ಇದನ್ನ ಒಪ್ತೀನಿ. ನಿಂಬೆ ಒಲೆಯಿಂದ ಇಳಿಸಿದ ಮೇಲೆ ಹಿಂಡಿ, ಬಿಸಿ ಬಾಣಲೆಯಲ್ಲಿ ಕಹಿ ಬರುತ್ತೆ. ಬೇಕರಿ ಬ್ರೆಡ್ಡಿನ ತೂಕದ ಮಾತು ಮಾತ್ರ ವಾಪಸ್ ತಗೊಳ್ಳಲ್ಲ.